ಮಚ್ಚೆಯೋ, ಹಚ್ಚೆಯೋ

ಗ್ದಿನಿಯಾ ಬಂದರಿನ ಹಿಂದೆ, ಹಗ್ಗದಂಗಡಿಯ ಪಕ್ಕ
ಮೂವತ್ತೊಂದು ವರ್ಷದಿಂದ ಹಚ್ಚೆ ಹಾಕುತ್ತಿದ್ದೇನೆ.
ಸೂಜಿಗೆ ಅಂಜುವವರು ನೋಡುತ್ತ ಕೂರಲೆಂದು
ಕಿಟಕಿಯ ಕೆಳಗೊಂದು ಗಾಜಿನ ತೊಟ್ಟಿ.
ಹೊರಗೆ ಬಾಲ್ಟಿಕ್: ಸೀಸದ ಬಣ್ಣ,
ಉಪ್ಪು ಸಾಲದ ಸಾರು.
ಒಳಗೆ ನಾನೇ ಬಕೆಟ್ಟಿನಲ್ಲಿ ಕದಡಿದ ಬೆಚ್ಚನೆ ಸಮುದ್ರ,
ಇಪ್ಪತ್ತಾರು ಡಿಗ್ರಿ, ಒಂದು ಮೊಳ ಆಳ.

ಅದರಲ್ಲಿ ಅವಳು, ಕೋಡಂಗಿ ಮೀನು.
ತಂದಾಗ ಅವನು.
ಟಗ್ ದೋಣಿಯ ಹುಡುಗರು ಬೋಸ್ಮನ್ ಅಂತ ಕರೆದರು,
ಅವರ ಮೇಸ್ತ್ರಿಯ ಗತ್ತು ಇದೆಯಂತೆ.
ಜೊತೆಯ ದೊಡ್ಡ ಮೀನು ಸತ್ತ ಚಳಿಗಾಲ
ಯಾರನ್ನೂ ಕೇಳದೆ ಹೆಣ್ಣಾದ,
ಉಬ್ಬಿದ, ಅನ್ನ ಹಾಕುವ ಕೈಯನ್ನೇ ಕಚ್ಚಿದ.
ಹೆಸರಿಗೊಂದು ಬಾಲ ಅಂಟಿಸಿದೆವು: ಬೋಸ್ಮನೋವಾ.

ಈಗ ಹತ್ತೊಂಬತ್ತು.
ಕಿತ್ತಳೆ ಕಂದಿ ಅಂಗಳದ ಪ್ಲಾಸ್ಟಿಕ್ ಕುರ್ಚಿಯಾಗಿದೆ.
ಅದಕ್ಕೆ ನಾನು ಬೆಚ್ಚಲಿಲ್ಲ. ಬಣ್ಣದ ಬುದ್ಧಿ ಗೊತ್ತು:
ಹಳದಿ ಮೊದಲು ಹೊರಡುತ್ತದೆ, ಕೆಂಪು ಆಮೇಲೆ,
ಕಪ್ಪು ಹೋಗುವುದಿಲ್ಲ, ಹರಡುತ್ತದೆ.
ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ ಜೆನೋನನ ತೋಳಿನ ಲಂಗರು
ನನ್ನ ಗುರು ಹಾಕಿದ್ದು,
ಈಗ ಯಾರೋ ಕೂತು ಎದ್ದುಹೋದ ಬೆಂಚಿನ ಹಾಗಿದೆ.

ಆದರೆ ಮಾರ್ಚಿನ ಒಂದು ಸೋಮವಾರ
ಅವಳ ಎಡಗೆನ್ನೆಯ ಮೇಲೆ ಮಸಿ.
ಬುಧವಾರ ಇನ್ನೆರಡು, ಬಿಳಿ ಪಟ್ಟೆಯೊಳಗೆ,
ಒಗೆದ ಅಂಗಿಗೆ ಪೆನ್ನು ಸೋರಿದಂತೆ.
ಬೆರಳಿಗೆ ಹತ್ತುವಂಥದ್ದಲ್ಲ, ಚರ್ಮದ ಕೆಳಗಿನದು.
ಕಸುಬುದಾರ ನಾನು. ಸೂಜಿ ಎಷ್ಟು ಆಳ ಇಳಿದಿದೆಯೆಂದು ಕಂಡರೆ ತಿಳಿಯುತ್ತದೆ.
ಯಾರ ಸೂಜಿ, ಅದು ತಿಳಿಯಲಿಲ್ಲ.

ಓಲಿವಾದಿಂದ ಡಾಕ್ಟರ್ ಮಿರೋಸ್ವಾವಾ ಬಂದಳು,
ಕನ್ನಡಕ ಹಣೆಗೇರಿಸಿ ಗಾಜಿಗೆ ಮೂಗು ಒತ್ತಿದಳು.
ಮುಪ್ಪಿರಬಹುದು. ಪಿತ್ತಕೋಶವಿರಬಹುದು.
ಆಮೇಲೆ ಮೂಲೆಗೆ ಬೆರಳು: ಇದು ಯಾವಾಗಿನದು?

ಹವಳ. ಸುತ್ತಿಗೆ ತಲೆಯ ಹಸಿರು ಹವಳ,
ದುಡ್ಡಿಲ್ಲದ ಗಿರಾಕಿಯೊಬ್ಬ ಬೆನ್ನಿನ ಹಡಗಿಗೆ ಬದಲು ಕೊಟ್ಟದ್ದು.
ಅವಳ ಹಳೆಯ ಕಡಲಹೂ ಕರೆಂಟು ಹೋದ ರಾತ್ರಿ ಕೊಳೆತು
ಆರು ವರ್ಷ ಮನೆಯಿಲ್ಲದೆ ಈಜಿದ್ದಳು.
ಈಗ ಇದರ ಬೆರಳುಗಳ ನಡುವೆ ಹೊಕ್ಕು
ದಿನವಿಡೀ ಮೈ ತಿಕ್ಕುತ್ತಾಳೆ. ಅದು ಕುಟುಕುತ್ತದೆ.
ಕುಟುಕಿದಲ್ಲಿ ಕಪ್ಪು.
ಇದರಿಂದ ಸಾಯುವುದಿಲ್ಲ, ಅಂದಳು ಡಾಕ್ಟರು,
ಮತ್ತೆ ಯಾಕೋ ನನ್ನ ತೋಳುಗಳನ್ನು ನೋಡಿದಳು.

ಹವಳ ತೆಗೆದು ಬೇರೆ ಬಕೆಟ್ಟಿಗಿಟ್ಟೆ.
ಮೂರು ವಾರ. ಮಸಿ ತಿಳಿಯಾಗುತ್ತ ಬಂತು,
ಕೆನ್ನೆ ಬಹುತೇಕ ಹಳೆಯ ಕೆನ್ನೆ.
ಅವಳು ಮಾತ್ರ ಥರ್ಮಾಮೀಟರಿಗೆ ಒರಗಿ ನಿಂತಳು
ಬಸ್ಸು ತಪ್ಪಿದವರ ಹಾಗೆ.
ಸೀಗಡಿ ಚೂರು ಮೂಗಿನ ಮುಂದೆಯೇ ಇಳಿದು ತಳ ಸೇರಿತು.
ಕಚ್ಚಲಿ ಎಂದು ಕೈ ಇಳಿಬಿಟ್ಟೆ.
ಕಚ್ಚಲಿಲ್ಲ.

ನನ್ನ ಶಿಷ್ಯೆ ಕಿಂಗಾಳೇ ಹವಳವನ್ನು ಮತ್ತೆ ಇಳಿಸಿದ್ದು,
ನಾನು ಊಟಕ್ಕೆ ಹೋದಾಗ, ಹೇಳದೆ.
ಬಂದು ನೋಡಿದರೆ ಬಾಲದ ತುದಿಯಷ್ಟೇ ಹೊರಗಿದೆ.
ಬೈಯಬೇಕೆಂದಿದ್ದೆ. ಕೈ ತೊಳೆದು ಕೆಲಸಕ್ಕೆ ಕೂತೆ.

ಆ ಮಧ್ಯಾಹ್ನ ಜೆನೋನ್ ಬಂದ,
ಲಂಗರನ್ನು ತಿದ್ದಿಕೊಡು ಅಂದ, ಗೆರೆ ಗಟ್ಟಿಯಾಗಲಿ ಅಂದ.
ನಿನ್ನ ಚರ್ಮ ಈಗ ಈರುಳ್ಳಿ ಸಿಪ್ಪೆ, ನೋಯುತ್ತದೆ ಅಂದೆ.
ಅವನು ತೊಟ್ಟಿಯ ಕಡೆ ತಿರುಗಿ ಕೂತು
ತೋಳು ಚಾಚಿದ.

ಗಿರಾಕಿಗಳ ಪುಸ್ತಕದ ಕೊನೆಯಲ್ಲಿ
ಅವಳ ಮೈಯ ಗೆರೆಚಿತ್ರವೊಂದಿದೆ,
ಮಚ್ಚೆ ಮಚ್ಚೆಗೂ ತಾರೀಕು ಬರೆದಿದ್ದೇನೆ.
ಇವತ್ತು ಗುರುವಾರ. ಬೆನ್ನಿನ ರೆಕ್ಕೆಯ ಬುಡದಲ್ಲಿ ಹೊಸತು,
ಎಳ್ಳಿನಷ್ಟು.
ಬೆಳಿಗ್ಗೆ ಹೆಬ್ಬೆರಳು ಕಚ್ಚಿದಳು.